ದಣಿವು ಬಂದದ್ದು ಎಷ್ಟನೇ ನಿಮಿಷಕ್ಕೆ?

(ಮುಂಬೈ ಮತ್ತು ಉಪನಗರಗಳಲ್ಲಿ ಹೊಸದಾಗಿ ಓಡಲು ತೊಡಗಿದ ಕನ್ನಡಿಗರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಓಡಲು ಶುರು ಮಾಡಿ ಮೂರು ನಾಲ್ಕು ವಾರಕ್ಕೆ ಬಿಟ್ಟವರನ್ನು ಕೇಳಿ ನೋಡಿ. ಹೆಚ್ಚಿನವರ ಉತ್ತರ ಒಂದೇ: ‘ತುಂಬಾ ಸುಸ್ತಾಗ್ತದೆ ಮಾರಾಯ್ರೇ, ಅದು ನಮಗೆ ಹೇಳಿಸಿದ್ದಲ್ಲ.’ ಸರಿ, ಆ ಸುಸ್ತು ಎಷ್ಟನೇ ನಿಮಿಷಕ್ಕೆ ಬಂತು ಎಂದು ಮರುಪ್ರಶ್ನೆ ಹಾಕಿದರೆ ಮಾತ್ರ ಉತ್ತರ ಬರುವುದಿಲ್ಲ. ಇವತ್ತಿನ ಮಾತೆಲ್ಲ ಆ ಮರುಪ್ರಶ್ನೆಯ ಸುತ್ತಲೇ. ಮೂರನೇ ನಿಮಿಷಕ್ಕೆ ಬರುವ ದಣಿವು ಬೇರೆ, ಇಪ್ಪತ್ತೈದನೇ ನಿಮಿಷಕ್ಕೆ ಬರುವುದು ಬೇರೆ, ಮರುದಿನ ಮೆಟ್ಟಿಲಿಳಿಯುವಾಗ ಬರುವುದು ಬೇರೆ, ಎರಡು ವಾರವಾದರೂ ಬಿಡದೆ ಕೂರುವುದು ಮತ್ತೂ ಬೇರೆ. ಒಂದೊಂದಕ್ಕೆ ಒಂದೊಂದು ಕಾರಣ, ಒಂದೊಂದು ಮದ್ದು. ಎಲ್ಲವನ್ನೂ ‘ಸುಸ್ತು’ ಎಂಬ ಒಂದೇ ಡಬ್ಬಕ್ಕೆ ಹಾಕಿ ಮುಚ್ಚಳ ಮುಚ್ಚಿದರೆ ಮದ್ದು ಹುಡುಕುವುದು ಹೇಗೆ?

ಮೊದಲ ಹತ್ತು ನಿಮಿಷದ ದಣಿವಿನಿಂದ ಶುರು ಮಾಡೋಣ. ಹೊಸಬರಲ್ಲಿ ಅತಿ ಹೆಚ್ಚು ಕಾಣುವುದು ಇದೇ. ಗೇಟು ದಾಟಿ ರಸ್ತೆಗಿಳಿದು ಇನ್ನೂರು ಮುನ್ನೂರು ಮೀಟರ್ ಓಡುವಷ್ಟರಲ್ಲಿ ಎದೆ ಡಬಡಬ, ಬಾಯಲ್ಲಿ ಏದುಸಿರು, ಗಂಟಲು ಒಣಗಿ ಕಾಲು ಕಲ್ಲಾಗುತ್ತದೆ. ಮೈಯಲ್ಲಿ ಶಕ್ತಿಯೇ ಇಲ್ಲ ಅನ್ನಿಸುತ್ತದೆ. ಆದರೆ ಲೆಕ್ಕ ಹಾಕಿ. ಒಂದು ಕಿಲೋಮೀಟರ್ ಓಡಲು ಮೈತೂಕದ ಪ್ರತಿ ಕಿಲೋಗೆ ಸುಮಾರು ಒಂದು ಕ್ಯಾಲರಿ ಬೇಕು. 65 ಕಿಲೋ ತೂಕದವರು 5 ಕಿಲೋಮೀಟರ್ ಓಡಿದರೂ ಖರ್ಚಾಗುವುದು 325 ಕ್ಯಾಲರಿ. ನಮ್ಮ ಸ್ನಾಯು ಮತ್ತು ಯಕೃತ್ತಿನಲ್ಲಿ ಗ್ಲೈಕೊಜೆನ್ ರೂಪದಲ್ಲಿ ಕೂಡಿಟ್ಟ ಸಕ್ಕರೆಯೇ 400ರಿಂದ 500 ಗ್ರಾಂ ಇರುತ್ತದೆ, ಅಂದರೆ 1,600ರಿಂದ 2,000 ಕ್ಯಾಲರಿ. ಹಾಗಾಗಿ ಮೂರನೇ ನಿಮಿಷಕ್ಕೆ ನಿಂತವರಲ್ಲಿ ಇಂಧನ ಮುಗಿದಿರಲು ಸಾಧ್ಯವೇ ಇಲ್ಲ. ಓಡುವ ಮೊದಲು ಗ್ಲುಕೋಸ್ ಪುಡಿ ಕಲಸಿ ಕುಡಿದು ಇದನ್ನು ಗೆಲ್ಲಲು ಹೊರಡುವವರಿದ್ದಾರೆ. ಅದರಿಂದ ಹೊಟ್ಟೆ ಕುಲುಕುತ್ತದೆಯೇ ಹೊರತು ದಣಿವು ಹೋಗುವುದಿಲ್ಲ.

ಹಾಗಾದರೆ ಕಾರಣವೇನು? ವೇಗ. ಇನ್ನೊಂದು, ಹೃದಯ ಮತ್ತು ಶ್ವಾಸಕೋಶ ಹೊಸ ಬೇಡಿಕೆಗೆ ಹೊಂದಿಕೊಳ್ಳಲು ಎರಡು ಮೂರು ನಿಮಿಷ ತೆಗೆದುಕೊಳ್ಳುತ್ತವೆ. ಅಷ್ಟರವರೆಗೆ ಸ್ನಾಯುಗಳು ಆಮ್ಲಜನಕ ಸಾಲದೆ, ಬೇರೆ ದಾರಿಯಿಂದ ಶಕ್ತಿ ಹೊಂದಿಸಿಕೊಳ್ಳುತ್ತವೆ. ನಿಧಾನವಾಗಿ ಹೊರಟವರಿಗೆ ಈ ಆಮ್ಲಜನಕದ ಸಾಲ ಸಣ್ಣದು, ಗೊತ್ತಾಗದ ಹಾಗೆ ತೀರುತ್ತದೆ. ಜೋರಾಗಿ ಹೊರಟವರಿಗೆ ಸಾಲ ಬೆಳೆಯುತ್ತಲೇ ಹೋಗುತ್ತದೆ. ಅದಕ್ಕೇ ಓಟಕ್ಕೆ ಮೊದಲು 5ರಿಂದ 8 ನಿಮಿಷ ಚುರುಕಾಗಿ ನಡೆಯಬೇಕು ಎನ್ನುವುದು. ಬಸ್ಸು ತಪ್ಪಿಹೋಗುತ್ತದೆ ಎಂಬಂಥ ನಡಿಗೆ ಅದು, ತರಕಾರಿ ನೋಡುತ್ತಾ ಹೋಗುವ ನಡಿಗೆಯಲ್ಲ. ಆಮೇಲೂ ಮೊದಲ ಐದು ನಿಮಿಷದ ಓಟ ‘ಇದೇನು ಇಷ್ಟು ನಿಧಾನ’ ಎಂದು ನಾಚಿಕೆಯಾಗುವಷ್ಟು ನಿಧಾನವಿರಲಿ.

ನಿಧಾನ ಅಂದರೆ ಎಷ್ಟು? ಕೈಗಡಿಯಾರ ತೋರಿಸುವ ‘ಪೇಸ್’ ಅನ್ನು, ಅಂದರೆ ಒಂದು ಕಿಲೋಮೀಟರಿಗೆ ಎಷ್ಟು ನಿಮಿಷ ಎಂಬ ಲೆಕ್ಕವನ್ನು, ಮೊದಲ ಮೂರು ತಿಂಗಳು ನೋಡಲೇಬೇಡಿ ಎನ್ನುವುದು ನಮ್ಮ ಖಚಿತ ಅಭಿಪ್ರಾಯ. ಅದಕ್ಕಿಂತ ಒಳ್ಳೆಯ ಅಳತೆಗೋಲು ನಿಮ್ಮ ಬಾಯಲ್ಲೇ ಇದೆ. ಓಡುತ್ತಾ ಒಂದೇ ಉಸಿರಿಗೆ ‘ದಾದರ್, ಮಾಟುಂಗಾ, ಸಾಯನ್, ಕುರ್ಲಾ, ವಿದ್ಯಾವಿಹಾರ್, ಘಾಟ್ಕೋಪರ್’ ಎಂದು ಗಟ್ಟಿಯಾಗಿ ಹೇಳಿ. ವೆಸ್ಟರ್ನ್ ಲೈನಿನವರು ‘ದಾದರ್, ಮಾಟುಂಗಾ ರೋಡ್, ಮಾಹಿಮ್, ಬಾಂದ್ರಾ, ಖಾರ್, ಸಾಂತಾಕ್ರೂಜ್’ ಹೇಳಬಹುದು. ಆರೂ ಸ್ಟೇಷನ್ ಸಲೀಸಾಗಿ ಬಂದರೆ ವೇಗ ಸರಿಯಿದೆ. ಮೂರನೆಯದಕ್ಕೆ ಉಸಿರು ಎಳೆದುಕೊಳ್ಳಬೇಕಾದರೆ ಜೋರಾಯಿತು, ಇಳಿಸಿ. ಒಂದೇ ಸ್ಟೇಷನ್ನಿಗೆ ಮಾತು ಕಡಿದರೆ ನಡೆಯಿರಿ. ಸ್ವೀಡನ್ನಿನ ಮನೋವಿಜ್ಞಾನಿ ಗುನ್ನಾರ್ ಬೋರ್ಗ್ ಶ್ರಮವನ್ನು ಅನಿಸಿಕೆಯಿಂದಲೇ ಅಂಕ ಹಾಕಿ ಅಳೆಯುವ ಕ್ರಮವನ್ನು ರೂಪಿಸಿದರು. ಅದರ ಸರಳ ರೂಪ ಹತ್ತಕ್ಕೆ ಅಂಕ ಕೊಡುವುದು. ಸುಮ್ಮನೆ ಕೂತಿದ್ದರೆ 0, ಜೀವ ಹೋಗುವಂತಿದ್ದರೆ 10. ಹೊಸಬರ ಓಟ 3 ಅಥವಾ 4ರಲ್ಲಿ ಇರಬೇಕು. ಅನೇಕರು ದಿನಾ 7ರಲ್ಲಿ ಓಡಿ, ಅದೇ ಓಟ ಅಂದುಕೊಂಡಿರುತ್ತಾರೆ. ಕಿಲೋಮೀಟರಿಗೆ 8 ಅಥವಾ 9 ನಿಮಿಷ ಆದರೂ ಅದು ಓಟವೇ. ಪಕ್ಕದಲ್ಲಿ ಚುರುಕಾಗಿ ನಡೆಯುವವರು ಹತ್ತಿರಹತ್ತಿರ ನಿಮ್ಮ ಸಮಕ್ಕೇ ಬರುತ್ತಾರೆ, ಬರಲಿ.

ಈ ವೇಗಕ್ಕೂ ಉಸಿರು ಹತ್ತುವವರು, ಅದರಲ್ಲೂ ವರ್ಷಗಟ್ಟಲೆ ಕುರ್ಚಿಯಲ್ಲೋ ಅಂಗಡಿಯ ಗಲ್ಲೆಯಲ್ಲೋ ಕೂತವರು, ಓಟ ಮತ್ತು ನಡಿಗೆಯನ್ನು ಬೆರೆಸಬೇಕು. ಮೊದಲ ಎರಡು ವಾರ 1 ನಿಮಿಷ ಓಟ, 2 ನಿಮಿಷ ನಡಿಗೆ, ಹೀಗೆ 8 ಸುತ್ತು. ಮೂರು ನಾಲ್ಕನೇ ವಾರ 2 ನಿಮಿಷ ಓಟ, 2 ನಿಮಿಷ ನಡಿಗೆ, 6 ಸುತ್ತು. ಐದಾರನೇ ವಾರ 3 ನಿಮಿಷಕ್ಕೆ 1 ನಿಮಿಷ ನಡಿಗೆ, 6 ಸುತ್ತು. ಆಮೇಲೆರಡು ವಾರ 5 ನಿಮಿಷಕ್ಕೆ 1, ಐದು ಸುತ್ತು. ಒಂಬತ್ತು ಹತ್ತನೇ ವಾರ 10 ನಿಮಿಷಕ್ಕೆ 1, ಮೂರು ಸುತ್ತು. ಹನ್ನೆರಡನೇ ವಾರಕ್ಕೆ ಬಹುತೇಕರು ನಿಲ್ಲದೆ 30 ನಿಮಿಷ ಓಡಬಲ್ಲರು. ವಾರಕ್ಕೆ ಮೂರೇ ದಿನ, ನಡುವೆ ಕನಿಷ್ಠ ಒಂದು ದಿನ ಬಿಡುವು. ಯಾವ ವಾರ ಕಷ್ಟವಾಯಿತೋ ಆ ವಾರವನ್ನೇ ಮತ್ತೊಮ್ಮೆ ಮಾಡಿ, ಮುಂದಕ್ಕೆ ಹಾರಬೇಡಿ. ನಡಿಗೆಯ ಸರದಿಯನ್ನು ದಣಿಯುವ ಮೊದಲೇ ತೆಗೆದುಕೊಳ್ಳುವುದು ಇದರ ಗುಟ್ಟು. ‘ಇನ್ನೂ ಆಗುತ್ತದೆ, ಈ ಸಲದ ನಡಿಗೆ ಬೇಡ’ ಎಂದು ಎರಡನೇ ಸುತ್ತಲ್ಲಿ ಬಿಟ್ಟವರು ಆರನೇ ಸುತ್ತಲ್ಲಿ ಸೊಂಟಕ್ಕೆ ಕೈಕೊಟ್ಟು ನಿಲ್ಲುತ್ತಾರೆ.

ಇನ್ನು ಇಪ್ಪತ್ತನೇ ನಿಮಿಷದ ಆಚೆಗೆ ಬರುವ ದಣಿವು. ಮುಂಬೈಯಲ್ಲಿ ಇದರ ಹೆಸರು ಸೆಕೆ. ಕರಾವಳಿಯವರಿಗೆ ಈ ಶಬ್ದ ಬಿಡಿಸಿ ಹೇಳಬೇಕಾಗಿಲ್ಲ, ಬಯಲುಸೀಮೆಯ ಒಣ ಬಿಸಿಲಿಗೂ ಇದಕ್ಕೂ ಇರುವ ವ್ಯತ್ಯಾಸ ಅವರಿಗೆ ಮೈಗೇ ಗೊತ್ತು.

ಓಡುವಾಗ ಮೈಯಲ್ಲಿ ಹುಟ್ಟುವ ಶಕ್ತಿಯಲ್ಲಿ ಕಾಲುಭಾಗ ಮಾತ್ರ ನಮ್ಮನ್ನು ಮುಂದೆ ಒಯ್ಯುತ್ತದೆ, ಉಳಿದ ಮುಕ್ಕಾಲು ಭಾಗ ಬರೀ ಶಾಖ. ಅದನ್ನು ಹೊರಹಾಕುವ ಮುಖ್ಯ ದಾರಿ ಬೆವರು ಆರುವುದು. ಒಂದು ಲೀಟರ್ ಬೆವರು ಪೂರ್ತಿ ಆರಿದರೆ ಸುಮಾರು 580 ಕ್ಯಾಲರಿ ಶಾಖ ಹೋಗುತ್ತದೆ. ಗಮನಿಸಿ, ಆರಿದರೆ! ತೊಟ್ಟಿಕ್ಕಿ ನೆಲಕ್ಕೆ ಬಿದ್ದ ಬೆವರು ಮೈಯನ್ನು ತಣಿಸುವುದಿಲ್ಲ. ಮಳೆಗಾಲದ ಬೆಳಗಿನಲ್ಲಿ ಇಲ್ಲಿ ಗಾಳಿಯ ತೇವಾಂಶ ಶೇ. 80ರ ಮೇಲಿರುತ್ತದೆ, ಮೇ ತಿಂಗಳಲ್ಲಂತೂ ಸೂರ್ಯ ಹುಟ್ಟುವ ಮೊದಲೇ 27 ಡಿಗ್ರಿ. ಬೆವರು ಆರಲು ಜಾಗವೇ ಇಲ್ಲ. ಆಗ ದೇಹ ಇನ್ನಷ್ಟು ರಕ್ತವನ್ನು ಚರ್ಮದ ಕಡೆಗೆ ತಿರುಗಿಸುತ್ತದೆ, ಸ್ನಾಯುವಿನ ಪಾಲಿಗೆ ಬರುವುದು ಕಡಿಮೆಯಾಗುತ್ತದೆ. ಬೆವರಿನಿಂದ ರಕ್ತದ ನೀರಿನ ಅಂಶವೂ ಇಳಿಯುತ್ತದೆ. ಎರಡನ್ನೂ ಸರಿದೂಗಿಸಲು ಹೃದಯ ಹೆಚ್ಚು ಬಡಿಯಬೇಕು. ಆದ್ದರಿಂದಲೇ ಅದೇ ವೇಗದಲ್ಲಿ ಓಡುತ್ತಿದ್ದರೂ ಹತ್ತನೇ ನಿಮಿಷಕ್ಕೆ 140 ಇದ್ದ ನಾಡಿ ಮೂವತ್ತನೇ ನಿಮಿಷಕ್ಕೆ 155 ಆಗಬಹುದು. ನೀವು ಸೋಮಾರಿಯಾದದ್ದಲ್ಲ, ಅದೇ ರಸ್ತೆ ನಿಜಕ್ಕೂ ಹೆಚ್ಚು ಭಾರವಾಗಿದೆ. ಜನವರಿಯಲ್ಲಿ ಹಾಯಾಗಿ ಓಡಿದ ದೂರ ಮೇಯಲ್ಲಿ ನೀಗದಿದ್ದರೆ ಹಿಂದೆ ಬಿದ್ದೆವೆಂದು ಕೊರಗಬೇಡಿ. ಆರು ಸ್ಟೇಷನ್ನಿನ ಪರೀಕ್ಷೆಗೆ ತಕ್ಕಂತೆ ವೇಗ ಇಳಿಸಿ. ಕಿಲೋಮೀಟರಿಗೆ ಒಂದು ನಿಮಿಷ ಹೆಚ್ಚಾದರೂ ಕೆಲಸ ಅಷ್ಟೇ ಆಗಿರುತ್ತದೆ.

ಸೆಕೆಗೆ ಮೈ ಹದವಾಗಲು 10ರಿಂದ 14 ದಿನ ಬೇಕು. ಆ ದಿನಗಳಲ್ಲಿ ರಕ್ತದ ದ್ರವದ ಪ್ರಮಾಣ ಹೆಚ್ಚುತ್ತದೆ, ಬೆವರು ಬೇಗ ಬರತೊಡಗುತ್ತದೆ, ಅದರಲ್ಲಿನ ಉಪ್ಪು ಕಡಿಮೆಯಾಗುತ್ತದೆ. ರಜೆಗೆ ಘಟ್ಟದ ಮೇಲಿನ ಊರಿಗೆ ಹೋಗಿ ಮೂರು ನಾಲ್ಕು ವಾರ ತಂಪಿನಲ್ಲಿ ಕಳೆದರೆ ಈ ಹದ ಬಹುಪಾಲು ಕರಗುತ್ತದೆ. ಮರಳಿ ಬಂದ ಮೊದಲ ವಾರ ಅರ್ಧ ಹೊತ್ತು ಮಾತ್ರ ಓಡಿ.

ನೀರಿನ ವಿಷಯದಲ್ಲಿ ಎರಡೂ ತುದಿಯ ತಪ್ಪು ನಡೆಯುತ್ತದೆ. ಅಳತೆ ಸುಲಭ: ಓಟಕ್ಕೆ ಮೊದಲು ಮೂತ್ರ ಮಾಡಿ ತೂಕ ನೋಡಿ, ಮುಗಿದ ಮೇಲೆ ಮೈ ಒರೆಸಿ ಒದ್ದೆ ಬಟ್ಟೆ ತೆಗೆದು ಮತ್ತೆ ನೋಡಿ. ಇಳಿದ ಒಂದು ಕಿಲೋ ಅಂದರೆ ಹೋದ ಒಂದು ಲೀಟರ್ ನೀರು, ನಡುವೆ ಕುಡಿದಿದ್ದರೆ ಅದನ್ನೂ ಸೇರಿಸಿ. ಇಳಿಕೆ ಮೈತೂಕದ ಶೇ. 2ರ ಒಳಗಿದ್ದರೆ ಚಿಂತೆಯಿಲ್ಲ. 45 ನಿಮಿಷದವರೆಗಿನ ಓಟಕ್ಕೆ ಹೊರಡುವ ಮುಂಚೆ ಒಂದು ಲೋಟ ನೀರು ಸಾಕು. ಗಂಟೆ ಮೀರಿದರೆ, ಇಲ್ಲವೇ ಅಂಗಿ ಹಿಂಡಿದರೆ ನೀರಿಳಿಯುವಷ್ಟು ಬೆವರಿದರೆ, ಬರೀ ನೀರಿನ ಬದಲು ಉಪ್ಪು ಹಾಕಿದ ಮಜ್ಜಿಗೆಯೋ ಲಿಂಬೆ ಪಾನಕವೋ ಬೇಕು. ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ 6 ಮಟ್ಟಸ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಎನ್ನುವುದು ಮನೆಯ ಜೀವಜಲದ (ಓಆರ್‌ಎಸ್) ಅಳತೆ. ಉಪ್ಪು ಇದಕ್ಕಿಂತ ಹೆಚ್ಚಾಗಬಾರದು. ಇನ್ನೊಂದು ತುದಿಯ ತಪ್ಪೆಂದರೆ ಭಯಕ್ಕೆ ಬಿದ್ದು ಗಂಟೆಗೆ ಒಂದೂವರೆ ಎರಡು ಲೀಟರ್ ಬರೀ ನೀರು ಕುಡಿಯುವುದು. ರಕ್ತದ ಸೋಡಿಯಂ ತೆಳುವಾಗಿ ತಲೆನೋವು, ವಾಂತಿ, ಗೊಂದಲ ಶುರುವಾಗುತ್ತದೆ, ಜೀವಕ್ಕೂ ಅಪಾಯ. ಬಾಯಾರಿದಾಗ ಕುಡಿಯುವುದು ಹೊಸಬರಿಗೆ ಸಾಕಾದ ನಿಯಮ.

ಓಡುವ ಜಾಗವೂ ಈ ದಣಿವಿಗೆ ಸೇರಿದ ಸಂಗತಿ. ಮರೀನ್ ಡ್ರೈವ್ ಚಂದ, ಸಮತಟ್ಟು, ಕಡಲ ಗಾಳಿ ಬೇರೆ. ಆದರೆ ನರಿಮನ್ ಪಾಯಿಂಟಿನಿಂದ ಗಿರಗಾಂವ್ ಚೌಪಾಟಿಗೆ ಸುಮಾರು ಮೂರೂವರೆ ಕಿಲೋಮೀಟರ್. ಹೋಗುವಾಗ ಗಾಳಿ ಬೆನ್ನಿಗಿದ್ದರೆ ಹಗುರ ಅನ್ನಿಸುತ್ತದೆ, ಚೌಪಾಟಿಯಲ್ಲಿ ನಿಂತಾಗ ಅಷ್ಟೇ ದೂರ ಹಿಂದೆ ಬರಬೇಕೆಂಬ ಅರಿವಾಗುತ್ತದೆ. ಅಷ್ಟರಲ್ಲಿ ಬಿಸಿಲೇರಿರುತ್ತದೆ, ನೆರಳಿಲ್ಲ. ಅಂಥಲ್ಲಿ ಜಾಗ ನೋಡಿ ತಿರುಗಬಾರದು, ಹೊತ್ತು ನೋಡಿ ತಿರುಗಬೇಕು: ಒಟ್ಟು 24 ನಿಮಿಷ ಎಂದಿದ್ದರೆ 11ನೇ ನಿಮಿಷಕ್ಕೆ ತಿರುಗಿಬಿಡಿ. ಮೊದಲ ಮೂರು ತಿಂಗಳಿಗೆ ಸುತ್ತು ಹಾಕುವ ಜಾಗವೇ ಒಳ್ಳೆಯದು. ಶಿವಾಜಿ ಪಾರ್ಕಿನ ಕಟ್ಟೆಯ ಸುತ್ತು ಸುಮಾರು 1.2 ಕಿಲೋಮೀಟರ್, ನೀರಿನ ಬಾಟ್ಲಿ ಒಂದು ಕಡೆ ಇಡಬಹುದು, ಸಾಕೆನಿಸಿದರೆ ಎಲ್ಲಿಂದ ಬೇಕಾದರೂ ಹೊರಬರಬಹುದು. ಮಾಟುಂಗಾದ ಫೈವ್ ಗಾರ್ಡನ್ಸ್‌ನಲ್ಲಿ ಮರದ ನೆರಳಿದೆ. ಜುಹೂ ಮರಳು ಹೊಸಬರಿಗೆ ಮೋಸ ಮಾಡುತ್ತದೆ. ಸಡಿಲ ಮರಳಿನಲ್ಲಿ ಗಟ್ಟಿ ನೆಲಕ್ಕಿಂತ ಒಂದೂವರೆ ಪಟ್ಟು ಶ್ರಮ, ಮೀನಖಂಡ ಹರಿದಂತಾಗುತ್ತದೆ. ಅಲ್ಲೇ ಓಡಬೇಕೆಂದರೆ ಇಳಿತದ ಹೊತ್ತು ನೋಡಿಕೊಂಡು ಒದ್ದೆ ಗಟ್ಟಿ ಮರಳಿನಲ್ಲಿ ಓಡಿ. ನೆಲ ಕಡಲಿಗೆ ವಾಲಿರುವುದರಿಂದ ಹೋದಷ್ಟೇ ದೂರ ವಾಪಸ್ ಬನ್ನಿ, ಒಂದೇ ಕಾಲಿಗೆ ಭಾರ ಬೀಳಬಾರದು. ಬೊರಿವಿಲಿಯ ರಾಷ್ಟ್ರೀಯ ಉದ್ಯಾನದೊಳಗೆ ಕಾನ್ಹೇರಿ ಗುಹೆಗಳ ರಸ್ತೆ ತಂಪು, ಆದರೆ ಏರು. ಮೊದಲ ದಿನಗಳಲ್ಲಿ ಆ ಏರನ್ನು ನಡೆದೇ ಹತ್ತಿ.

ಈಗ, ಓಟದ ನಡುವೆಯೇ ಎಲ್ಲವೂ ಕೈಬಿಟ್ಟಂತಾದರೆ ಏನು ಮಾಡಬೇಕು? ಮೊದಲು ಹೆಜ್ಜೆ ಚಿಕ್ಕದು ಮಾಡಿ. ದಣಿದವರು ಗೊತ್ತಿಲ್ಲದೆ ಉದ್ದ ಹೆಜ್ಜೆ ಹಾಕುತ್ತಾರೆ, ಪಾದ ಮೈಗಿಂತ ಮುಂದೆ ಬಿದ್ದು ಪ್ರತಿ ಹೆಜ್ಜೆಯೂ ಬ್ರೇಕ್ ಹಾಕಿದಂತಾಗುತ್ತದೆ. ಪಾದ ಸೊಂಟದ ಕೆಳಗೇ ಬೀಳುವಂತೆ, ಸದ್ದು ಕಡಿಮೆಯಾಗುವಂತೆ ಇಡಿ. ಭುಜ ಕಿವಿಯ ಹತ್ತಿರ ಏರಿದೆಯೇ, ಮುಷ್ಟಿ ಬಿಗಿದಿದೆಯೇ ನೋಡಿಕೊಳ್ಳಿ. ಎರಡೂ ಕೈ ಇಳಿಬಿಟ್ಟು ಐದು ಸೆಕೆಂಡು ಒದರಿ. ಆಮೇಲೆ ಉಸಿರು ಬಿಡುವುದನ್ನು ಉದ್ದ ಮಾಡಿ. ಎಳೆದುಕೊಳ್ಳುವುದು ತಾನಾಗಿ ಆಗುತ್ತದೆ, ಹೊಸಬರು ಬಿಡುವುದನ್ನೇ ಅರ್ಧಕ್ಕೆ ನಿಲ್ಲಿಸುತ್ತಾರೆ. ಇಷ್ಟಾದ ಮೇಲೂ ಶ್ರಮ 6ರ ಮೇಲಿದ್ದರೆ ಎರಡು ನಿಮಿಷ ನಡೆಯಿರಿ. ನಡೆದು 4ಕ್ಕೆ ಇಳಿದರೆ ಮುಂದುವರಿಸಿ, ದೀಪದ ಕಂಬಗಳನ್ನು ಎಣಿಸುತ್ತಾ ಎರಡು ಕಂಬ ಓಟ, ಒಂದು ಕಂಬ ನಡಿಗೆ. ಇಳಿಯದಿದ್ದರೆ ಅವತ್ತಿನ ಓಟ ಮುಗಿಯಿತು, ನಡೆದು ಮನೆಗೆ ಬನ್ನಿ. ಥಟ್ಟನೆ ನಿಲ್ಲಬೇಡಿ ಮಾತ್ರ. ಓಡುವಾಗ ಕಾಲಿನ ಸ್ನಾಯುಗಳೇ ರಕ್ತವನ್ನು ಮೇಲೆ ತಳ್ಳುತ್ತಿರುತ್ತವೆ, ನಿಂತ ಕೂಡಲೇ ಅದು ಕಾಲಲ್ಲೇ ನಿಂತು ಕಣ್ಣು ಕತ್ತಲೆ ಬರುತ್ತದೆ. ಐದು ನಿಮಿಷ ನಡಿಗೆ ಬೇಕೇ ಬೇಕು.

ಪಕ್ಕೆ ಹಿಡಿದರೆ, ಪಕ್ಕೆಲುಬಿನ ಕೆಳಗೆ ಚುಚ್ಚಿದಂತಾದರೆ, ವೇಗ ಇಳಿಸಿ, ನೋವಿನ ಜಾಗವನ್ನು ಬೆರಳಿಂದ ಒತ್ತಿ, ಸ್ವಲ್ಪ ಮುಂದಕ್ಕೆ ಬಾಗಿ ಉಸಿರನ್ನು ಪೂರ್ತಿ ಹೊರಬಿಡಿ. ಹಿಂದಿನ ಎರಡು ಗಂಟೆಯಲ್ಲಿ ಹೊಟ್ಟೆ ತುಂಬ ತಿಂದದ್ದು ಅಥವಾ ಸಿಹಿ ಹಣ್ಣಿನ ರಸ ಕುಡಿದದ್ದು ಸಾಮಾನ್ಯ ಕಾರಣ.

ಕೆಲವು ಲಕ್ಷಣಗಳಿಗೆ ಈ ಉಪಾಯಗಳು ಯಾವುವೂ ಅಲ್ಲ. ಎದೆಯಲ್ಲಿ ಒತ್ತು ಅಥವಾ ಬಿಗಿತ, ಎಡಗೈಗೆ ದವಡೆಗೆ ಹರಿಯುವ ನೋವು, ತಲೆ ತಿರುಗಿ ಬೀಳುವಂತಾಗುವುದು, ನಾಡಿ ಲಯ ತಪ್ಪುವುದು, ನಿಂತರೂ ಇಳಿಯದ ಉಸಿರುಕಟ್ಟು. ಇವು ಬಂದರೆ ಕೂಡಲೇ ನಿಲ್ಲಿ, ಒಬ್ಬರೇ ಮನೆಗೆ ಹೋಗಬೇಡಿ, ಆಸ್ಪತ್ರೆಗೆ ಹೋಗಿ. ದಕ್ಷಿಣ ಏಷ್ಯಾದವರಲ್ಲಿ ಹೃದ್ರೋಗ ಬೇರೆಯವರಿಗಿಂತ ಬೇಗ ಕಾಣಿಸಿಕೊಳ್ಳುತ್ತದೆ. ನಲವತ್ತು ದಾಟಿದವರು, ಬಿಪಿ, ಸಕ್ಕರೆ ಇರುವವರು, ಮನೆಯಲ್ಲಿ ಚಿಕ್ಕ ವಯಸ್ಸಿಗೇ ಹೃದಯಾಘಾತ ಕಂಡವರು ಓಟ ಶುರು ಮಾಡುವ ಮೊದಲೇ ವೈದ್ಯರನ್ನು ಕಾಣಬೇಕು. ಸೆಕೆಯಲ್ಲಿ ಓಡುತ್ತಿದ್ದ ಜೊತೆಗಾರರು ತೊದಲಿದರೆ, ದಿಕ್ಕು ತಪ್ಪಿದಂತೆ ನಡೆದರೆ ಅದನ್ನು ಸುಸ್ತು ಎಂದು ಬಿಡಬೇಡಿ. ಮೈ ಶಾಖ 40 ಡಿಗ್ರಿ ಮುಟ್ಟಿರಬಹುದು. ನೆರಳಿಗೆ ಒಯ್ದು, ಸಿಕ್ಕಿದಷ್ಟು ತಣ್ಣೀರು ಮೈಮೇಲೆ ಸುರಿದು ಗಾಳಿ ಹಾಕುತ್ತಲೇ ಆಂಬ್ಯುಲೆನ್ಸಿಗೆ ಹೇಳಿ.

ಮರುದಿನದ ನೋವಿಗೆ ಬರೋಣ. ಓಡಿದ ಮರುದಿನ, ಅದರ ಮರುದಿನ ತೊಡೆ ಮತ್ತು ಮೀನಖಂಡ ಹಿಡಿದುಕೊಳ್ಳುವುದು ಲ್ಯಾಕ್ಟಿಕ್ ಆಮ್ಲದಿಂದ ಎಂಬ ಮಾತು ಇನ್ನೂ ಓಡಾಡುತ್ತಿದೆ. ಆದರೆ ಓಟ ನಿಲ್ಲಿಸಿದ ಒಂದು ಗಂಟೆಯೊಳಗೆ ರಕ್ತದ ಲ್ಯಾಕ್ಟೇಟ್, ಅಂದರೆ ಮೈಯಲ್ಲಿ ಆ ಆಮ್ಲ ಇರುವ ರೂಪ, ಮೊದಲಿನ ಮಟ್ಟಕ್ಕೆ ಬಂದಿರುತ್ತದೆ. ಅಮೆರಿಕದ ಶರೀರಕ್ರಿಯಾ ವಿಜ್ಞಾನಿ ಜಾರ್ಜ್ ಬ್ರೂಕ್ಸ್ 1980ರ ದಶಕದಿಂದ ತೋರಿಸಿಕೊಟ್ಟಂತೆ ಸ್ನಾಯು ಮತ್ತು ಹೃದಯ ಅದನ್ನು ಇಂಧನವಾಗಿಯೇ ಬಳಸಿಕೊಳ್ಳುತ್ತವೆ. ಮರುದಿನದ ನೋವು ಸ್ನಾಯುವಿನ ಎಳೆಗಳಲ್ಲಾದ ಸೂಕ್ಷ್ಮ ಗಾಯದ್ದು. 24ರಿಂದ 72 ಗಂಟೆಯೊಳಗೆ ಉತ್ತುಂಗಕ್ಕೇರಿ ತಾನಾಗಿ ಇಳಿಯುತ್ತದೆ. ಎರಡೂ ಕಾಲಲ್ಲಿ ಸಮನಾಗಿ, ಅಂಗೈಯಗಲ ಹರಡಿ, ಸ್ವಲ್ಪ ನಡೆದರೆ ಸಡಿಲವಾಗುವ ನೋವಾದರೆ ಹೆದರಿಕೆಯಿಲ್ಲ. ಒಂದೇ ಕಾಲಿನಲ್ಲಿ, ಬೆರಳ ತುದಿಯಿಂದ ಇಲ್ಲೇ ಎಂದು ತೋರಿಸಬಹುದಾದ, ಓಡಿದಷ್ಟೂ ಹೆಚ್ಚುವ ನೋವಾದರೆ ಕಥೆ ಬೇರೆ. ಮೊಣಕಾಲಿನ ಕೆಳಗಿನ ಉದ್ದ ಮೂಳೆಯ ಒಳಬದಿಯಲ್ಲಿ ಗೇಣುದ್ದ ನೋವಿದ್ದರೆ ಓಟ ಕಡಿಮೆ ಮಾಡಿ. ಅದೇ ಮೂಳೆಯ ಮೇಲೆ ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ನೋವಿದ್ದು, ಒಂಟಿಕಾಲಲ್ಲಿ ಕುಪ್ಪಳಿಸಿದರೆ ಚುಳ್ಳೆಂದರೆ ಮೂಳೆ ಬಿರುಕಿನ ಸಂಶಯ. ಓಟ ಪೂರ್ತಿ ನಿಲ್ಲಿಸಿ ಮೂಳೆ ವೈದ್ಯರಲ್ಲಿಗೆ ಹೋಗಿ.

ಉತ್ಸಾಹಿಗಳು ಎಡವುವುದು ಇಲ್ಲೇ. ಉಸಿರಾಟ ನಾಲ್ಕಾರು ವಾರದಲ್ಲಿ ಸುಧಾರಿಸುತ್ತದೆ, ಸ್ನಾಯುರಜ್ಜು ಮತ್ತು ಮೂಳೆ ಗಟ್ಟಿಯಾಗಲು ತಿಂಗಳುಗಳು ಬೇಕು. ಎರಡನೇ ತಿಂಗಳಲ್ಲಿ ಎದೆ ‘ಇನ್ನೂ ಓಡು’ ಅನ್ನುತ್ತದೆ, ಕಾಲು ಇನ್ನೂ ತಯಾರಿರುವುದಿಲ್ಲ. ಎದೆಯ ಮಾತು ಕೇಳಿ ಭಾನುವಾರ ಗೆಳೆಯರ ಜೊತೆ ನಾಲ್ಕರ ಬದಲು ಎಂಟು ಕಿಲೋಮೀಟರ್ ಓಡಿದವರೇ ಸೋಮವಾರ ಕುಂಟುವವರು. ಯಾವ ಒಂದು ದಿನದ ಓಟವೂ ಹಿಂದಿನ ತಿಂಗಳ ಅತಿ ಉದ್ದದ ಓಟಕ್ಕಿಂತ ಹತ್ತನೇ ಒಂದು ಭಾಗದಷ್ಟು ಮಾತ್ರ ಹೆಚ್ಚಿರಲಿ.

ಕೊನೆಯದಾಗಿ, ವಾರಗಟ್ಟಲೆ ಬಿಡದ ದಣಿವು. ನಿಧಾನ ಓಡುತ್ತಿದ್ದೇವೆ, ನೀರು ಕುಡಿಯುತ್ತಿದ್ದೇವೆ, ಆದರೂ ಮೈಯಲ್ಲಿ ಜೀವವಿಲ್ಲ ಎನ್ನುವವರು ಮೊದಲು ನಿದ್ದೆಯ ಲೆಕ್ಕ ಹಾಕಿ. ರಾತ್ರಿ ಹತ್ತಕ್ಕೆ ಡೊಂಬಿವಿಲಿಗೋ ವಿರಾರಿಗೋ ಮುಟ್ಟಿ, ಊಟ ಮಾಡಿ ಹನ್ನೆರಡಕ್ಕೆ ಮಲಗಿ, ಓಡಲೆಂದು ಐದಕ್ಕೆ ಏಳುವವರಿಗೆ ಸಿಗುವುದು ಐದು ಗಂಟೆ. ನಿದ್ದೆ ಕತ್ತರಿಸಿ ಮಾಡುವ ಓಟದಿಂದ ಮೈ ಗಟ್ಟಿಯಾಗುವುದಿಲ್ಲ, ಏಕೆಂದರೆ ಓಟದಲ್ಲಾದ ಸವೆತವನ್ನು ದೇಹ ರಿಪೇರಿ ಮಾಡುವುದೇ ನಿದ್ದೆಯಲ್ಲಿ. ಅಂಥವರು ವಾರದ ಮೂರು ಓಟಗಳಲ್ಲಿ ಒಂದನ್ನು ಭಾನುವಾರಕ್ಕೆ, ಇನ್ನೊಂದನ್ನು ಬೇಗ ಮಲಗಲು ಸಾಧ್ಯವಾದ ದಿನದ ಮರುಬೆಳಗಿಗೆ ಇಟ್ಟು, ಮೂರನೆಯದನ್ನು ಬಿಟ್ಟೇಬಿಡಿ. ಬೆಳಿಗ್ಗೆ ಎದ್ದ ಕೂಡಲೇ ಹಾಸಿಗೆಯಲ್ಲೇ ಒಂದು ನಿಮಿಷ ನಾಡಿ ಎಣಿಸಿ ಬರೆದಿಡಿ. ರೂಢಿಗಿಂತ 7ರಿಂದ 10 ಬಡಿತ ಹೆಚ್ಚಾಗಿ ಎರಡು ಮೂರು ದಿನ ಹಾಗೇ ಉಳಿದರೆ ಓಟ ಬೇಡ, ನಡಿಗೆ ಸಾಕು. ಡೆಂಗಿ, ಮಲೇರಿಯಾ, ಫ್ಲೂ ಹುಡುಕಿಕೊಂಡು ಬರುವ ಊರು ಇದು, ಜ್ವರ ಬರುವ ಮೊದಲೇ ನಾಡಿ ಸುಳಿವು ಕೊಡುವುದುಂಟು. ಜ್ವರವಿದ್ದಾಗ ಓಡಲೇಬಾರದು.

ಹೆಣ್ಣುಮಕ್ಕಳಿಗೆ ಒಂದು ಮಾತು, ದಯವಿಟ್ಟು ಇದನ್ನು ಮುಂದೂಡಬೇಡಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ. 57 ಮಂದಿಗೆ ರಕ್ತಹೀನತೆ. ಹಿಮೋಗ್ಲೋಬಿನ್ 12ಕ್ಕಿಂತ ಕೆಳಗಿದ್ದರೆ, ಎಷ್ಟೇ ಶಿಸ್ತಿನಿಂದ ಓಡಿದರೂ ಸ್ನಾಯುಗಳಿಗೆ ಸಾಕಷ್ಟು ಆಮ್ಲಜನಕ ಮುಟ್ಟುವುದಿಲ್ಲ. ಹಿಮೋಗ್ಲೋಬಿನ್ ಸರಿಯಿದ್ದೂ ಕಬ್ಬಿಣದ ಸಂಗ್ರಹ ಬರಿದಾಗಿರಬಹುದು, ಅದಕ್ಕೆ ಫೆರಿಟಿನ್ ಪರೀಕ್ಷೆಯನ್ನೂ ಕೇಳಿ ಮಾಡಿಸಿ. ಮೂರು ತಿಂಗಳು ತನ್ನನ್ನೇ ‘ಸೋಮಾರಿ’ ಎಂದು ಬೈದುಕೊಳ್ಳುವುದಕ್ಕಿಂತ ಒಂದು ರಕ್ತ ಪರೀಕ್ಷೆ ಲೇಸು. ಊಟದಲ್ಲಿ ಹುರುಳಿ, ಹರಿವೆ ಸೊಪ್ಪು, ಮಾಂಸ, ಮೀನು, ಮರುವಾಯಿ (ಚಿಪ್ಪುಮೀನು) ಇರಲಿ. ಸೊಪ್ಪು ಕಾಳಿನ ಮೇಲೆ ಲಿಂಬೆ ಹಿಂಡಿದರೆ ಕಬ್ಬಿಣಾಂಶ ಚೆನ್ನಾಗಿ ಹತ್ತುತ್ತದೆ. ಚಹಾ, ಕಾಫಿ ಊಟಕ್ಕೆ ಒಂದು ಗಂಟೆ ಹಿಂದೆ ಮುಂದೆ ಇರಲಿ. ಮಾತ್ರೆಯ ಪ್ರಮಾಣ ವೈದ್ಯರು ಹೇಳಿದಷ್ಟೇ.

ತಿನ್ನುವುದರ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಬೆಳಗಿನ ಅರ್ಧ ಗಂಟೆಯ ಓಟಕ್ಕೆ ಬರೀ ಹೊಟ್ಟೆ ಪರವಾಗಿಲ್ಲ, ತಡೆಯದಿದ್ದರೆ ಅರ್ಧ ಬಾಳೆಹಣ್ಣು. ಓಡಿ ಬಂದ ಒಂದೆರಡು ಗಂಟೆಯೊಳಗೆ ಸರಿಯಾದ ತಿಂಡಿಯಾಗಬೇಕು. ನಾಲ್ಕು ಇಡ್ಲಿಯಲ್ಲಿ ಪ್ರೋಟೀನ್ ಇರುವುದು 8 ಗ್ರಾಂ ಆಸುಪಾಸು, ಅದರ ಜೊತೆ ಎರಡು ಮೊಟ್ಟೆ ಅಥವಾ ಒಂದು ಬಟ್ಟಲು ಹೆಸರುಕಾಳಿನ ಉಸಲಿ ಸೇರಿದರೆ 20 ಗ್ರಾಂ ಮುಟ್ಟುತ್ತದೆ. ತೂಕ ಇಳಿಸಲೆಂದು ಓಡುತ್ತಾ ಊಟವನ್ನೂ ಅರ್ಧಕ್ಕಿಳಿಸಿದವರಿಗೆ ಮೂರನೇ ವಾರದಲ್ಲಿ ಬರುವ ದಣಿವು ಹಸಿವೆಯದ್ದು. ಎರಡರಲ್ಲಿ ಒಂದನ್ನು ನಿಧಾನ ಮಾಡಿ.

ಮಾತು ಮುಗಿದ ಮೇಲೆ ಬಂದ ಕೆಲವು ಪ್ರಶ್ನೆಗಳು:

ಹೋಟೆಲಿನಲ್ಲಿ ದಿನಕ್ಕೆ ಹತ್ತು ಗಂಟೆ ನಿಂತೇ ಕೆಲಸ ಮಾಡುವ ತರುಣರೊಬ್ಬರು, ರಾತ್ರಿ ಹನ್ನೊಂದೂವರೆಗೆ ಶಟರ್ ಎಳೆದ ಮೇಲೆ ಊಟ, ಬೆಳಗಿನ ಓಟ ಹೇಗೆ ಎಂದು ಕೇಳಿದರು. ತಮ್ಮಾ, ನಿಮಗೆ ಬೆಳಗಿನ ಓಟ ಬೇಡ. ತುಂಬಿದ ಹೊಟ್ಟೆ, ಸಾಲದ ನಿದ್ದೆ, ಊದಿದ ಪಾದ, ಮೂರೂ ನಿಮಗೆ ವಿರುದ್ಧ. ವಾರದ ರಜೆಯ ದಿನ ಒಂದು 30 ನಿಮಿಷದ ಓಟ-ನಡಿಗೆ, ನಡುವೆ ಒಂದು ದಿನ ಮಧ್ಯಾಹ್ನದ ಬಿಡುವಿನ ಕೊನೆಯಲ್ಲಿ, ಬಿಸಿಲು ತಗ್ಗಿದ್ದರೆ, 20 ನಿಮಿಷ. ಮಲಗುವ ಮುಂಚೆ ಹತ್ತು ನಿಮಿಷ ಕಾಲನ್ನು ಗೋಡೆಗೆ ಎತ್ತಿಟ್ಟು ಮಲಗಿ. ಶೂ ಸಂಜೆ ಹೊತ್ತು ಕೊಳ್ಳಿ, ಹೆಬ್ಬೆರಳ ಮುಂದೆ ಅರ್ಧ ಇಂಚು ಜಾಗವಿರಲಿ. ಕೆಲಸದ ಶೂವಿನಲ್ಲಿ ಓಡಬೇಡಿ.

ಮಳೆಗಾಲದಲ್ಲಿ ನಿಲ್ಲಿಸಬೇಕೇ ಎಂದು ಒಬ್ಬ ಅಕ್ಕ ಕೇಳಿದರು. ಬೇಡ, ಮಳೆಯಲ್ಲಿ ಓಡುವುದು ಸೆಕೆಯಲ್ಲಿ ಓಡುವುದಕ್ಕಿಂತ ಹಗುರ. ನಿಂತ ನೀರಿನಲ್ಲಿ ಮಾತ್ರ ಕಾಲಿಡಬೇಡಿ, ಕಾಲಿನಲ್ಲಿ ಗಾಯವಿದ್ದರೆ ಇಲಿಜ್ವರದ ಭಯ. ಇಟ್ಟೇಬಿಟ್ಟರೆ ಸೋಪು ಹಾಕಿ ತೊಳೆದು, ಅದೇ ದಿನ ವೈದ್ಯರನ್ನು ಕೇಳಿ. ಶೂವಿನ ಒಳಗಿನ ಅಟ್ಟೆ ತೆಗೆದು, ಹಳೇ ಪತ್ರಿಕೆ ತುರುಕಿ, ಎರಡು ಗಂಟೆಗೊಮ್ಮೆ ಬದಲಿಸಿ ಫ್ಯಾನಿನ ಕೆಳಗಿಟ್ಟರೆ ಮರುದಿನಕ್ಕೆ ಒಣಗುತ್ತದೆ. ಬೆರಳ ಸಂದಿಗೆ, ತೊಡೆಯ ಒಳಬದಿಗೆ ತೆಳುವಾಗಿ ಪೆಟ್ರೋಲಿಯಂ ಜೆಲ್ಲಿ ಹಚ್ಚಿಕೊಳ್ಳಿ.

ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುವ ಹಿರಿಯರೊಬ್ಬರ ಪ್ರಶ್ನೆ: ಓಡುವಾಗ ಕೈ ನಡುಗಿ ತಣ್ಣನೆ ಬೆವರು ಬಂದರೆ? ಅದು ದಣಿವಲ್ಲ ರಾಯರೇ, ಸಕ್ಕರೆ ಇಳಿದ ಗುರುತು. ಇನ್ಸುಲಿನ್ ಮತ್ತು ಕೆಲವು ಮಾತ್ರೆಗಳಿಂದ ಹಾಗಾಗುತ್ತದೆ. ಕಿಸೆಯಲ್ಲಿ ಮೂರು ಚಮಚ ಸಕ್ಕರೆಯ ಪೊಟ್ಟಣ ಯಾವಾಗಲೂ ಇರಲಿ. ತಿಂದು 15 ನಿಮಿಷ ಕೂತು, ಗ್ಲುಕೋಮೀಟರಿನಲ್ಲಿ ನೋಡಿ, 70ಕ್ಕಿಂತ ಕಡಿಮೆಯಿದ್ದರೆ ಮತ್ತಷ್ಟು ತಿನ್ನಿ. ಅವತ್ತು ಓಟ ಮುಂದುವರಿಸುವುದು ಬೇಡ, ಮಾತ್ರೆಯ ಹೊತ್ತನ್ನು ವೈದ್ಯರ ಹತ್ತಿರ ಮಾತಾಡಿ ಸರಿಪಡಿಸಿಕೊಳ್ಳಿ.

ಕೊನೆಯ ಪ್ರಶ್ನೆ, ಜನವರಿಯ ಮ್ಯಾರಥಾನಿಗೆ ಹೆಸರು ಕೊಡಬಹುದೇ? 2004ರಲ್ಲಿ ಶುರುವಾದ ಮುಂಬೈ ಮ್ಯಾರಥಾನ್ ಸಾಮಾನ್ಯವಾಗಿ ಜನವರಿಯ ಮೂರನೇ ಭಾನುವಾರ ನಡೆಯುತ್ತದೆ. ಜೂನ್ ಮೊದಲ ವಾರ ಶುರು ಮಾಡಿದವರು ಆಗಸ್ಟ್ ಕೊನೆಗೆ ನಿಲ್ಲದೆ 30 ನಿಮಿಷ ಓಡುತ್ತಾರೆ. ಅಕ್ಟೋಬರಿನ ಧಗೆಯಲ್ಲಿ ಹೆಚ್ಚಿಸಲು ಹೋಗಬೇಡಿ, ಇದ್ದಷ್ಟನ್ನು ಉಳಿಸಿಕೊಳ್ಳಿ. ನವೆಂಬರಿನಿಂದ ಭಾನುವಾರದ ಓಟವನ್ನು ವಾರಕ್ಕೆ ಹತ್ತನೇ ಒಂದು ಭಾಗದಂತೆ ಬೆಳೆಸಿದರೆ 10 ಕಿಲೋಮೀಟರಿಗೆ, ನಡುನಡುವೆ ನಡೆದಾದರೂ, ಸಿದ್ಧರಾಗುತ್ತೀರಿ. 21 ಕಿಲೋಮೀಟರಿನ ಅರ್ಧ ಮ್ಯಾರಥಾನನ್ನು ಅದರ ಮುಂದಿನ ವರ್ಷಕ್ಕಿಡಿ. ಆ ಹಾದಿಯಲ್ಲಿ ಪೆಡ್ಡರ್ ರೋಡಿನ ಏರು ಸಿಗುತ್ತದೆ. ಅದಕ್ಕೆ ಅಭ್ಯಾಸ ಬೇಕಾದವರು ಹತ್ತಿರದ ಯಾವುದಾದರೂ ಏರು ರಸ್ತೆಯಲ್ಲಿ ವಾರಕ್ಕೊಮ್ಮೆ ನಾಲ್ಕು ಸಲ ಒಂದೊಂದು ನಿಮಿಷ ಹತ್ತಿ, ನಡೆದು ಇಳಿಯಿರಿ. ಹತ್ತುವಾಗಲೂ ಕನಿಷ್ಠ ಮೂರು ಸ್ಟೇಷನ್ನಿನ ಹೆಸರು ಬಾಯಿಗೆ ಬರಬೇಕು.